ಸ್ಥಾವರದ ಮನೆಗೆ ಬಂದ ಜಂಗಮವಾಣಿ

ಬೆಂಗಳೂರಿನ ಗೃಹಸ್ಥನು ಬೆಳಗಿನ ಜಾವದಲ್ಲಿ ಕಣ್ಣುಜ್ಜಿಕೊಳ್ಳುತ್ತ ನಲ್ಲಿ ತಿರುಗಿಸಿದಾಗ ಬೀಳುವ ಕಾವೇರಿಯ ನೀರು ನಮ್ಮ ಹಲಗೂರಿಗೆ ಸಮೀಪದ ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡು, ಹಾರೋಹಳ್ಳಿ, ತಾತಗುಣಿ ಎಂಬ ಎರಡು ಮಜಲುಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆತ್ತಲ್ಪಟ್ಟು, ಸುಮಾರು ನೂರು ಕಿಲೋಮೀಟರು ದೂರವನ್ನು ಕೊಳವೆಗಳ ಕತ್ತಲೆಯಲ್ಲಿ ಕ್ರಮಿಸಿ ಬಂದದ್ದೆಂಬ ಸಂಗತಿ ಆ ಗೃಹಸ್ಥನಿಗೆ ತಿಳಿದಿರಲೇಬೇಕೆಂಬ ನಿರ್ಬಂಧವೇನೂ ಇಲ್ಲ. ಮಳವಳ್ಳಿ ತಾಲ್ಲೂಕಿನವರಾದ ನಾವು ಮಾತ್ರ ಅದನ್ನು ಮರೆಯುವಂತಿಲ್ಲ. 1974ರಲ್ಲಿ ಆರಂಭವಾದ ಆ ಯಾತ್ರೆಯ ಐದನೆಯ ಹಂತವೂ 2024ರ ಅಕ್ಟೋಬರಿನಲ್ಲಿ ತೊರೆಕಾಡನಹಳ್ಳಿಯಲ್ಲಿಯೇ ಉದ್ಘಾಟನೆಗೊಂಡಿತು. ಅದಕ್ಕೂ ಬಹುಕಾಲ ಮೊದಲು, 1902ರ ಜೂನ್ 30ರಂದು, ಶಿವನಸಮುದ್ರದ ಜಲಪಾತದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೊರಟು ಹೋಯಿತು. ಹೊರಟ ಊರಿನ ಸುತ್ತಲ ಹಳ್ಳಿಗಳಲ್ಲಿ ಹರಳೆಣ್ಣೆಯ ಹಣತೆ ಆ ಮೇಲೂ ಎಷ್ಟೋ ಸಂವತ್ಸರಗಳವರೆಗೆ ಉರಿಯುತ್ತಲೇ ಇತ್ತು.

ಈ ಪೀಠಿಕೆಯನ್ನು ದೂರು ಹೇಳಲೆಂದು ನಾನು ಎತ್ತಿಕೊಂಡವನಲ್ಲ. ನೀರೂ ಬೆಳಕೂ ನಮ್ಮ ಸೀಮೆಯಿಂದ ಹೊರಕ್ಕೆ ಹರಿದುವು. ಹೊರಗಿನಿಂದ ನಮ್ಮ ಕಡೆಗೆ, ಯಾರ ಶಿಫಾರಸಿನ ಹಂಗೂ ಇಲ್ಲದೆ, ಗಾಣಾಳಿನ ರಾಗಿಹೊಲದ ಬದುವಿನವರೆಗೂ ಹಿಪ್ಪುನೇರಳೆ ತೋಟದ ಪಂಪ್‌ಸೆಟ್ಟಿನ ಕೊಠಡಿಯವರೆಗೂ ಹರಿದು ಬಂದ ಒಂದು ಪ್ರವಾಹವನ್ನು ಹೆಸರಿಸಬೇಕಾದರೆ ಅದು ಮೊಬೈಲ್ ಫೋನಿನ ಮೂಲಕ ಇಳಿದು ಬರುವ ಅಕ್ಷರ, ಶಬ್ದ, ಚಿತ್ರಗಳ ಪ್ರವಾಹವೇ ಸರಿ. ಕೆರೆಯ ಕೆಳಗೆ ಗದ್ದೆ ಮಾಡಿದವರಿಗೆ ಗೊತ್ತಿರುವಂತೆ, ನೀರು ಬಂದಿತೆಂದ ಮಾತ್ರಕ್ಕೆ ಬೆಳೆ ಬಂದಿತೆಂದು ಅರ್ಥವಲ್ಲ. ಯಾವ ತೂಬನ್ನು ಎಷ್ಟು ಹೊತ್ತು ಎತ್ತಬೇಕು, ಯಾರ ಗದ್ದೆಗೆ ಮೊದಲ ಸರದಿ, ಎಲ್ಲಿ ಬದು ಒಡೆದಿದೆ ಎಂಬುದನ್ನೆಲ್ಲ ಬಲ್ಲ ನೀರಗಂಟಿಯೊಬ್ಬನು ಬೇಕು. ಕಾಲೇಜಿನಲ್ಲಿ ಆ ನೀರಗಂಟಿಯ ಕೆಲಸಕ್ಕೆ ಗ್ರಂಥಪಾಲಕನೆಂದು ಹೆಸರು. ಆತನ ಕೈಗೆ ಹುಡುಗರ ಫೋನನ್ನು ಒಪ್ಪಿಸುವುದೆ, ಅಥವಾ ಆತನ ಬಾಗಿಲಲ್ಲಿಯೇ ಅದನ್ನು ತಡೆದು ನಿಲ್ಲಿಸುವುದೆ ಎಂಬ ಪ್ರಶ್ನೆಯೇ ಈ ಬರಹದ ವಿಷಯ.

ತಡೆದು ನಿಲ್ಲಿಸುವುದೇ ವಾಡಿಕೆ. ನಮ್ಮ ತಾಲ್ಲೂಕಿನ ಒಂದು ಪದವಿ ಕಾಲೇಜಿನ ಗ್ರಂಥಾಲಯಕ್ಕೆ ನಾನು ಆಗಾಗ ಹೋಗಿ ಕೂರುವುದುಂಟು; ನಿವೃತ್ತ ಅಧ್ಯಾಪಕನಿಗೆ ಬೇರೆಲ್ಲಿಯೂ ಇಷ್ಟು ನೆಮ್ಮದಿಯ ಕುರ್ಚಿ ದೊರೆಯದು. ಕಾಲೇಜಿನ ಹೆಸರು ಇಲ್ಲಿ ಬೇಡ. ಬಾಗಿಲ ಪಕ್ಕದ ಮೇಜಿನ ಮೇಲೆ, ಮನೆಗಳಲ್ಲಿ ಸೊಪ್ಪು ತೊಳೆಯಲು ಬಳಸುವಂಥ ನೀಲಿ ಪ್ಲಾಸ್ಟಿಕ್ ಬುಟ್ಟಿಯೊಂದು ಇರುತ್ತಿತ್ತು. ಒಳಗೆ ಬರುವ ಹುಡುಗ ಹುಡುಗಿಯರು ತಂತಮ್ಮ ಫೋನುಗಳಿಗೆ ರಬ್ಬರ್ ಬ್ಯಾಂಡಿನಿಂದ ಹೆಸರಿನ ಚೀಟಿ ಸಿಕ್ಕಿಸಿ ಅದರಲ್ಲಿ ಹಾಕಬೇಕು. ಗ್ರಂಥಾಲಯದ ಮೌನದ ನಡುವೆ ಆ ಬುಟ್ಟಿಯೊಳಗಿನಿಂದ ಯಾವುದೋ ಒಂದು ಫೋನು ಗುರ್‌ಗುಟ್ಟತೊಡಗಿದರೆ ಮಿಕ್ಕವೂ ಅದರ ಸ್ಪರ್ಶದಿಂದ ನಡುಗಿ, ಏಡಿಗಳ ಬುಟ್ಟಿಯಂತೆ ಸದ್ದು ಮಾಡುತ್ತಿದ್ದುವು. ಫೋನಿನ ಒಡೆಯರೆಲ್ಲ ತಲೆಯೆತ್ತಿ ಅದು ತನ್ನದೇ ಇರಬಹುದೆ ಎಂದು ಅತ್ತ ನೋಡುವರು. ಫೋನನ್ನು ದೂರ ಇಟ್ಟದ್ದರಿಂದ ಚಿತ್ತ ಏಕಾಗ್ರವಾಯಿತೆಂದು ಪ್ರಾಂಶುಪಾಲರು ನಂಬಿದ್ದರು; ಚಿತ್ತವೂ ಬುಟ್ಟಿಯಲ್ಲಿಯೇ ಉಳಿದಿತ್ತೆಂದು ನನ್ನ ಅಂದಾಜು.

ಆದರೂ ನಾನು ಮೊದಲು ಬುಟ್ಟಿಯ ಪಕ್ಷದವನೇ ಆಗಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ನಾವು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ಗ್ರಂಥಸೂಚಿಯೆಂದರೆ ಅಂಗೈ ಅಗಲದ ಕಾರ್ಡುಗಳು. ಮರದ ಸಣ್ಣ ಸಣ್ಣ ಪೆಟ್ಟಿಗೆಗಳಲ್ಲಿ, ಕೆಳತುದಿಯ ತೂತಿನಲ್ಲಿ ಸರಳೊಂದು ಪೋಣಿಸಿಕೊಂಡು, ಸಾವಿರಾರು ಬೆರಳುಗಳ ಬೆವರಿನಿಂದ ಅಂಚು ಕಪ್ಪಾಗಿ ಕುಳಿತಿರುತ್ತಿದ್ದುವು. ಒಂದು ಪುಸ್ತಕವನ್ನು ಹುಡುಕುವಾಗ ಅದರ ನೆರೆಹೊರೆಯ ಹತ್ತು ಪುಸ್ತಕಗಳ ಹೆಸರು ಕಣ್ಣಿಗೆ ಬೀಳುತ್ತಿದ್ದುವಾಗಿ, ಹೋದ ಕೆಲಸ ಮರೆತು ಬಾರದ ವಿದ್ಯೆಯೊಂದನ್ನು ಹೊತ್ತು ತರುವ ಸುಖವೂ ಇತ್ತು. ಆ ಸುಖವನ್ನು ಕಂಡವರಿಗೆ, ಗಾಜಿನ ಮೇಲೆ ಹೆಬ್ಬೆರಳು ಸವರಿ ಜ್ಞಾನ ಸಂಪಾದಿಸುವ ಈ ಹೊಸ ಪದ್ಧತಿ ಲಘುವಾಗಿ ತೋರುವುದು ಸಹಜವೇ. ಆದರೆ ನಾವು ಸುಲಭವಾಗಿ ಮರೆಯುವ ಮಾತೊಂದಿದೆ: ಆ ಕಾರ್ಡಿನ ಪೆಟ್ಟಿಗೆಗಳನ್ನು ಬಳಸುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ಅಟೆಂಡರೊಬ್ಬರ ದಯೆಯಿಂದ, ಪುಸ್ತಕದ ಬೆನ್ನಿನ ಮೇಲಿನ ಅಂಕಿಗಳಿಗೆ ಅರ್ಥವುಂಟೆಂದು ನನಗೆ ತಿಳಿದದ್ದು.

ಅದನ್ನು ಕಲಿಸಲೇಬೇಕೆಂದು ಹಟ ಹಿಡಿದವರು ನಮ್ಮ ದೇಶದಲ್ಲಿ ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕ ಹುದ್ದೆಗೆ ಬಂದು, ಅಲ್ಲಿನ ಏಕಾಂತಕ್ಕೆ ಬೇಸತ್ತು ಮತ್ತೆ ಪಾಠದ ಮನೆಗೇ ಓಡಿಹೋಗಲು ಮನಸ್ಸು ಮಾಡಿದ್ದ ಆ ಮಹನೀಯರು, ಕಡೆಗೆ ಗ್ರಂಥಾಲಯವನ್ನೇ ಪಾಠದ ಮನೆಯನ್ನಾಗಿ ಪರಿವರ್ತಿಸಿದರು. ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಅವರು 1931ರಲ್ಲಿ ಪ್ರಕಟಿಸಿದರು. ಪುಸ್ತಕವಿರುವುದು ಉಪಯೋಗಕ್ಕೆ ಎಂಬುದು ಮೊದಲನೆಯದು, ಓದುಗನ ಕಾಲವನ್ನು ಉಳಿಸಬೇಕೆಂಬುದು ನಾಲ್ಕನೆಯದು. ಕಾಲೇಜಿಗೆ ಹೊಸದಾಗಿ ಬಂದ ವಿದ್ಯಾರ್ಥಿಗೆ ಗ್ರಂಥಾಲಯದ ಒಳಹೊರಗನ್ನು ಪರಿಚಯ ಮಾಡಿಸುವ ಕಾರ್ಯವನ್ನು ಅವರು ಪರಾಮರ್ಶನ ಸೇವೆಯ ಒಂದು ಪ್ರತ್ಯೇಕ ಅಂಗವೆಂದೇ ಗಣಿಸಿ ಅದಕ್ಕೆ ಇಟ್ಟ ಹೆಸರನ್ನು ಕನ್ನಡಿಸುವುದಾದರೆ ‘ದೀಕ್ಷೆ’ ಎಂಬ ಮಾತಿಗಿಂತ ಹತ್ತಿರದ್ದು ಸಿಗಲಾರದು. ಈ ರಂಗನಾಥನ್ ಪರಸ್ಥಳದವರೆಂದು ನಾವು ದೂರ ಇಡಬೇಕಾಗಿಲ್ಲ. 1957ರಿಂದ ಕೊನೆಯವರೆಗೂ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ಊರಿನಲ್ಲಿ ಕಣ್ಮುಚ್ಚಿದರು.

ಇನ್ನೂ ಒಂದು ಸಂಗತಿ. 1931ರ ಅಕ್ಟೋಬರಿನಲ್ಲಿ ತಂಜಾವೂರು ಕಡೆಯ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗುವ ಸಂಚಾರಿ ಗ್ರಂಥಾಲಯವೊಂದು ಹೊರಟಾಗ ಅದಕ್ಕೆ ಚಾಲನೆ ಕೊಟ್ಟವರೂ ಅವರೇ. ಸ್ಥಾವರವಾದದ್ದನ್ನು ಜಂಗಮ ಮಾಡುವ ಆಸೆ ಗ್ರಂಥಾಲಯದವರಿಗೆ ಹಳೆಯದು. ಕನ್ನಡದಲ್ಲಿ ಮೊಬೈಲ್ ಫೋನಿಗೆ ‘ಜಂಗಮವಾಣಿ’ ಎಂದು ಯಾರೋ ಪುಣ್ಯಾತ್ಮರು ಹೆಸರಿಟ್ಟಿದ್ದಾರಷ್ಟೆ. ಪತ್ರಿಕೆಗಳಲ್ಲಿ ಅಲ್ಲಲ್ಲಿ ಕಂಡರೂ ಸಂತೆಯಲ್ಲಿ ಚಲಾವಣೆಯಾಗದ ಆ ಶಬ್ದವು, ಗ್ರಂಥಾಲಯದ ಮಟ್ಟಿಗಾದರೂ, ಇಟ್ಟವರು ನೆನೆದದ್ದಕ್ಕಿಂತ ಹೆಚ್ಚು ಅರ್ಥವತ್ತಾಗಿದೆ.

ಅದೆಂತಿರಲಿ. ಕಳೆದ ವರ್ಷ ಆ ಕಾಲೇಜಿನ ಗ್ರಂಥಾಲಯಕ್ಕೆ ಮಿತ್ರರೊಬ್ಬರು ಗ್ರಂಥಪಾಲಕರಾಗಿ ಬಂದರು. ವಯಸ್ಸು ನಲವತ್ತರ ಆಸುಪಾಸು, ಮಾತು ಕಡಮೆ. ವಾರಕ್ಕೊಂದು ‘ಲೈಬ್ರರಿ ಅವರ್’ ವೇಳಾಪಟ್ಟಿಯಲ್ಲಿ ಮೊದಲಿನಿಂದಲೂ ಇತ್ತು. ಆ ಅವಧಿಯಲ್ಲಿ ಹುಡುಗರು ದಿನಪತ್ರಿಕೆಯ ಕ್ರೀಡಾಪುಟವನ್ನು ಹಂಚಿಕೊಂಡು ಓದುವುದು ಪರಂಪರೆ. ಇವರು ಮೊದಲ ವಾರವೇ ಆ ನೀಲಿ ಬುಟ್ಟಿಯನ್ನು ತೆಗೆದು ಬೀರುವಿನ ಮೇಲಿಟ್ಟು, ‘ಫೋನು ತನ್ನಿ, ಆದರೆ ಮೂರು ಜನಕ್ಕೆ ಒಂದೇ ಫೋನು, ಒಂದೇ ಕಾಗದ, ಒಂದೇ ಪೆನ್ನು’ ಎಂದರು. ಮೂವರಿಗೊಂದೇ ಎಂಬ ನಿಯಮವು ಶಿಸ್ತಿಗಾಗಿ ಇರಬಹುದೆಂದು ಆಗ ನಾನು ಭಾವಿಸಿದ್ದೆ. ಫೋನಿಲ್ಲದ ಹುಡುಗಿಯರು, ಮನೆಯಲ್ಲಿ ಅಣ್ಣನ ಜೊತೆ ಹಂಚಿಕೊಳ್ಳುವವರು, ಪರದೆ ಒಡೆದ ಫೋನನ್ನು ಹೊರಗೆ ತೆಗೆಯಲು ನಾಚುವವರು ಯಾರೆಂದು ಯಾರಿಗೂ ಗೊತ್ತಾಗದಿರಲೆಂದು ಅವರು ಹಾಗೆ ಮಾಡಿದ್ದರೆಂಬುದು ಎಷ್ಟೋ ದಿನಗಳ ಮೇಲೆ ಅವರ ಬಾಯಿಂದಲೇ ತಿಳಿಯಿತು.

ಅಂದಿನ ಪ್ರಶ್ನೆ ಸರಳವಾಗಿತ್ತು: ನಮ್ಮ ಮಳವಳ್ಳಿಯ ಅತ್ಯಂತ ಪ್ರಾಚೀನ ಶಾಸನ ಯಾವುದು? ಎಂಟು ಗುಂಪು. ಎರಡು ನಿಮಿಷವಾಗುವಷ್ಟರಲ್ಲಿ ಆರು ಗುಂಪುಗಳು ಕೈ ಎತ್ತಿದುವು. ಉತ್ತರ ಎಲ್ಲರದೂ ಒಂದೇ: ಸಾತಕರ್ಣಿ ಎಂಬ ಅರಸನ ಸ್ತಂಭಶಾಸನ, ಪ್ರಾಕೃತ ಭಾಷೆ, ಅದೇ ಕಂಬದ ಮೇಲೆ ಆ ಬಳಿಕ ಕದಂಬರ ಬರಹ. ಒಬ್ಬ ಹುಡುಗನಂತೂ ಎದ್ದೇ ನಿಂತು, ‘ಸಾ, ನಮ್ಮೂರು ಹಲ್ಮಿಡಿಗಿಂತ ಹಳೇದು ಸಾ!’ ಎಂದ. ಆ ಮುಖದ ಮೇಲೆ ಬಂದಿದ್ದ ಹೆಮ್ಮೆ ನಾಲ್ಕು ಪರೀಕ್ಷೆ ಪಾಸಾದರೂ ಬರತಕ್ಕದ್ದಲ್ಲ. ಅಧ್ಯಾಪಕ ವೃತ್ತಿಯ ಚಟದಿಂದ ನಾನು ತಪ್ಪನ್ನು ತಿದ್ದಲು ಬಾಯಿ ತೆರೆದೆ. ಮಿತ್ರರು ಕಣ್ಣಿನಲ್ಲೇ ತಡೆದರು.

‘ಕಂಬ ಎಲ್ಲಿದೆಯಂತೆ? ನೋಡಿಕೊಂಡು ಬರೋಣ’ ಎಂದಷ್ಟೇ ಅವರ ಪ್ರಶ್ನೆ.

ಮೂಲೆಯ ಬೆಂಚಿನಲ್ಲಿ ಬಾಣಸಮುದ್ರದ ಕಡೆಯಿಂದ ಬರುವ ಹುಡುಗಿಯೊಬ್ಬಳು ಪುಟವನ್ನು ಕೆಳಕ್ಕೆ ಸರಿಸುತ್ತ ಹೋಗಿ, ಹುಬ್ಬು ಗಂಟಿಕ್ಕಿ, ‘ಶಿಕಾರಿಪುರ ತಾಲ್ಲೂಕು ಅಂತ ಐತೆ ಸಾ’ ಎಂದಳು. ‘ಅದು ಮಿಸ್ಟೇಕ್ ಇರ್ಬೇಕು ಬುಡು’ ಎಂದು ಪಕ್ಕದವನ ಸಮಾಧಾನ. ‘ಮಿಸ್ಟೇಕ್ ಅಲ್ಲ ಕಣೋ, ತಾಳಗುಂದ ಅಂತಾನೂ ಐತೆ, ಶಿವಮೊಗ್ಗ ಡಿಸ್ಟ್ರಿಕ್ಟು.’ ಭೂಪಟ ತೆರೆದರು. ಕರ್ನಾಟಕದಲ್ಲಿ ಎರಡು ಮಳವಳ್ಳಿಗಳು ಕಂಡುವು. ನಡುವೆ ರಸ್ತೆಯ ಮೇಲೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ಅಂತರ. ಸಾತಕರ್ಣಿಯ ಕಂಬ ನಿಂತಿರುವುದು ಅಲ್ಲಿ, ಆ ಪುಟ್ಟ ಮಳವಳ್ಳಿಯಲ್ಲಿ. ಹೆಮ್ಮೆಯ ಹುಡುಗ ನಿಧಾನವಾಗಿ ಕುಳಿತುಕೊಂಡ. ಕೊಠಡಿಯಲ್ಲಿ ಯಾರೂ ನಗಲಿಲ್ಲವೆಂಬುದು ನನಗೆ ಸೋಜಿಗವಾಗಿ ಕಂಡಿತು. ಆರು ಗುಂಪೂ ಅದೇ ಹಳ್ಳಕ್ಕೆ ಬಿದ್ದಿದ್ದರಿಂದ ನಗುವ ಅರ್ಹತೆ ಯಾರಿಗೂ ಇರಲಿಲ್ಲ.

ಹಳ್ಳಕ್ಕೆ ಬೀಳಿಸಿದ್ದು ಫೋನೇ ಎಂದು ಹೇಳಿ ಬುಟ್ಟಿಯನ್ನು ಕೆಳಗಿಳಿಸಲು ಇಷ್ಟು ಸಾಕಾಗಿತ್ತು. ಆದರೆ ಇದೇ ತಪ್ಪನ್ನು ಕಾರ್ಡಿನ ಪೆಟ್ಟಿಗೆಯ ಮುಂದೆ ನಿಂತವನೂ ಮಾಡಬಹುದಾಗಿತ್ತೆಂಬುದು ಅನಂತರದ ಅರ್ಧ ಗಂಟೆಯಲ್ಲಿ ಸ್ಪಷ್ಟವಾಯಿತು. ಗ್ರಂಥಪಾಲಕರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟವನ್ನು ನೋಡಿರೆಂದರು. ಒಂದು ಗುಂಪು ಕಪಾಟಿಗೆ ಓಡಿತು. ಇನ್ನೊಂದು ಗುಂಪು ಫೋನಿನಲ್ಲಿಯೇ, ಇಂಟರ್‌ನೆಟ್ ಆರ್ಕೈವ್ ಎಂಬ ಜಾಗತಿಕ ಭಂಡಾರದಲ್ಲಿ, ಅದರ ಹಳೆಯ ಮುದ್ರಣದ ಛಾಯಾಪ್ರತಿಯನ್ನು ಹಿಡಿದಿತ್ತು. ಇಬ್ಬರ ಕೈಯಲ್ಲೂ ಏಳನೆಯ ಸಂಪುಟ. ಇಬ್ಬರ ಸಂಪುಟದಲ್ಲೂ ಒಂದೊಂದು ಮಳವಳ್ಳಿ. ಆದರೆ ಪುಸ್ತಕ ಬೇರೆ, ಊರು ಬೇರೆ. ಫೋನಿನಲ್ಲಿದ್ದದ್ದು ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಏಳನೆಯ ಸಂಪುಟ, ಶಿವಮೊಗ್ಗ ಜಿಲ್ಲೆಯ ಮೊದಲ ಭಾಗ. ಸಾತಕರ್ಣಿಯ ಕಂಬ ಅದರ ಶಿಕಾರಿಪುರ ತಾಲ್ಲೂಕಿನ ಶಾಸನಗಳ ನಡುವೆ ಇದೆ. ಕಪಾಟಿನಿಂದ ಇಳಿದದ್ದು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯ ಏಳನೆಯ ಸಂಪುಟ. ಅದು ಮಂಡ್ಯ ಜಿಲ್ಲೆಯದು, ನಮ್ಮ ಮಳವಳ್ಳಿ ಅದರಲ್ಲಿದೆ. ರೈಸರ ಹಳೆಯ ಆವೃತ್ತಿಯಲ್ಲಿ ನಮ್ಮ ತಾಲ್ಲೂಕಿನ ಶಾಸನಗಳು ಬೇಕಾದರೆ ಏಳನ್ನು ಬಿಟ್ಟು, 1894ರ ಮೂರನೆಯ ಸಂಪುಟಕ್ಕೆ ಹೋಗಬೇಕು. ಏಕೆಂದರೆ ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಮಳವಳ್ಳಿ ಮೈಸೂರು ಜಿಲ್ಲೆಗೆ ಸೇರಿತ್ತು. ಆವೃತ್ತಿ ಎಂದರೇನು, ಸಂಪುಟಸಂಖ್ಯೆಯ ಜೊತೆಗೆ ಪ್ರಕಟಣೆಯ ವರ್ಷವನ್ನು ಏಕೆ ಬರೆಯಬೇಕು ಎಂಬುದನ್ನು ಮೂವತ್ತು ವರ್ಷ ಉಪನ್ಯಾಸ ಮಾಡಿ ನಾನು ಎಷ್ಟು ಮಂದಿಗೆ ತಿಳಿಸಿದೆನೋ ಕಾಣೆ. ಅಂದು ಇಪ್ಪತ್ತನಾಲ್ಕು ಮಂದಿಗೆ ಅದು ಒಮ್ಮೆಗೇ ತಿಳಿಯಿತು.

(ನಮ್ಮ ಮಳವಳ್ಳಿಯ ಅತಿ ಹಳೆಯ ಶಾಸನ ಹಾಗಾದರೆ ಯಾವುದು ಎಂದು ಓದುಗರು ಕೇಳಬಹುದು. ಗ್ರಂಥಪಾಲಕರು ಆ ಉತ್ತರವನ್ನು ಮುಂದಿನ ವಾರಕ್ಕೆ ಉಳಿಸಿದರು. ಹುಡುಕುವವರ ಸಂತೋಷವನ್ನು ಕಸಿಯಲು ನನಗೂ ಮನಸ್ಸಿಲ್ಲ.)

ಫೋನು ಆ ದೂರದ ಮಳವಳ್ಳಿಯನ್ನೇ ಏಕೆ ಮುಂದಿಟ್ಟಿತೆಂಬುದಕ್ಕೆ ಮಿತ್ರರು ಕೊಟ್ಟ ವಿವರಣೆಯನ್ನು ನನಗೆ ಅರ್ಥವಾದಷ್ಟು ಇಲ್ಲಿ ಹೇಳುತ್ತೇನೆ. ಹುಡುಕುಯಂತ್ರವು ಅಕ್ಷರಗಳನ್ನು ಹೊಂದಿಸಿ ನೋಡಿ, ಆ ಅಕ್ಷರಗಳಿರುವ ಪುಟಗಳಲ್ಲಿ ಯಾವುದನ್ನು ಹೆಚ್ಚು ಮಂದಿ ಉಲ್ಲೇಖಿಸಿದ್ದಾರೋ, ಯಾವುದಕ್ಕೆ ಹೆಚ್ಚು ಕೊಂಡಿಗಳಿವೆಯೋ ಅದನ್ನು ಮೇಲಕ್ಕೆ ತರುತ್ತದೆ. ಕದಂಬರ ಇತಿಹಾಸ ಬರೆಯುವ ಪ್ರತಿಯೊಬ್ಬನೂ ಆ ಕಂಬವನ್ನು ಪ್ರಸ್ತಾಪಿಸಲೇಬೇಕು. ನಮ್ಮ ತಾಲ್ಲೂಕಿನ ಶಾಸನಗಳ ವಿಷಯ ಬರೆದವರು ವಿರಳ. ‘ನಮ್ಮ’ ಎಂಬ ಶಬ್ದದ ಅರ್ಥ ಯಂತ್ರಕ್ಕೆ ತಿಳಿಯದು. ಈಚೆಗೆ ಪ್ರಶ್ನೆ ಕೇಳಿದರೆ ಪ್ರಬಂಧವನ್ನೇ ಹೊಸೆದುಕೊಡುವ ಕೃತಕ ಬುದ್ಧಿಯ ಸಹಾಯಕರು ಫೋನಿನೊಳಗೆ ಸೇರಿಕೊಂಡಿದ್ದಾರಲ್ಲ, ಅವರ ಅಪಾಯ ಇನ್ನೂ ಸೂಕ್ಷ್ಮವಾದದ್ದು. ಹುಡುಕುಯಂತ್ರವು ಎರಡು ಮಳವಳ್ಳಿಗಳನ್ನು ಎರಡು ಪುಟಗಳಲ್ಲಿಯಾದರೂ ಇಡುತ್ತದೆ. ಇವರು ಎರಡನ್ನೂ ಒಂದೇ ವಾಕ್ಯದಲ್ಲಿ ಬೆಸೆದು, ಶಿಂಷಾ ತೀರದಲ್ಲಿ ಸಾತಕರ್ಣಿಗೆ ಪಟ್ಟಾಭಿಷೇಕ ಮಾಡಿಸಿ, ಕಿಂಚಿತ್ತೂ ಅಳುಕಿಲ್ಲದ ಗದ್ಯದಲ್ಲಿ ಒಪ್ಪಿಸಬಲ್ಲರು. ಹೆಸರಾಂತ ವಿದ್ವಾಂಸರಲ್ಲಿಯೂ ಈ ಶಕ್ತಿ ಉಳ್ಳವರನ್ನು ನಾನು ಕಂಡಿರುವೆನಾದ್ದರಿಂದ ಯಂತ್ರವೊಂದನ್ನೇ ದೂಷಿಸಲಾರೆ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕುಂಟು. ನಮ್ಮ ಹುಡುಗರು ಕನ್ನಡದ ಊರುಗಳನ್ನು ರೋಮನ್ ಅಕ್ಷರಗಳಲ್ಲಿ ಒತ್ತುತ್ತಾರೆ. ಆ ಲಿಪಿಗೆ ಲಕಾರವೂ ಳಕಾರವೂ ಒಂದೇ. ಹಲಗೂರು ಎಂಬುದನ್ನು ಕೊನೆಯ ಉಕಾರ ಇಟ್ಟು ಒಬ್ಬ ಬರೆದರೆ, ಬಿಟ್ಟು ಇನ್ನೊಬ್ಬ ಬರೆಯುತ್ತಾನೆ. ಗೂಕಾರದ ದೀರ್ಘಕ್ಕೆ ಒಂದು ಅಕ್ಷರ ಸಾಕೆಂಬವನೊಬ್ಬ, ಎರಡು ಬೇಕೆಂಬವನೊಬ್ಬ. ಬ್ರಿಟಿಷರ ಕಾಲದ ಗ್ರಂಥಗಳಲ್ಲಿ ಉಕಾರವನ್ನು ಕತ್ತರಿಸಿಯೇ ಬರೆಯುವುದು ರೂಢಿ. ಹೀಗೆ ಒಂದೇ ಊರನ್ನು ನಾಲ್ಕು ವೇಷಗಳಲ್ಲಿ ಕೂಗಿ ಕರೆಯದ ಹೊರತು ಅದು ಓಗೊಡುವುದಿಲ್ಲ. ಕನ್ನಡ ಅಕ್ಷರಗಳಲ್ಲಿಯೇ ಹುಡುಕಿದರೂ ಸಂಕಟ ತಪ್ಪದು: ಹಳೆಯ ಮುದ್ರಣದ ಛಾಯಾಪ್ರತಿಗಳು ಬಹುಪಾಲು ಬರಿಯ ಚಿತ್ರಗಳಾದ್ದರಿಂದ ಯಂತ್ರದ ಕಣ್ಣಿಗೆ ಅವುಗಳೊಳಗಿನ ಅಕ್ಷರ ಕಾಣದು, ಯೂನಿಕೋಡ್ ರೂಢಿಯಾಗುವ ಮುನ್ನಿನ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕಡತಗಳು ನೋಡಲು ಚೊಕ್ಕ ಕನ್ನಡವಾಗಿದ್ದು, ಎತ್ತಿ ಬೇರೆಡೆ ಅಂಟಿಸಿದ ಕೂಡಲೇ ರೋಮನ್ ಚಿಹ್ನೆಗಳ ಕಲಸುಮೇಲೋಗರವಾಗಿಬಿಡುತ್ತವೆ. ಆದುದರಿಂದ ಗ್ರಂಥದ ಕೊನೆಯ ಅಕಾರಾದಿಯನ್ನು ಬೆರಳಿಟ್ಟು ನೋಡುವ ನಮ್ಮ ಕಾಲದ ವಿದ್ಯೆಯನ್ನು, ಫೋನಿನ ಗಾಜಿನ ಮೇಲೆಯೇ, ಗ್ರಂಥಪಾಲಕರು ಮತ್ತೆ ಕಲಿಸಬೇಕಾಯಿತು.

ಅಂದು ನಡೆದ ಮತ್ತೊಂದು ಪುಟ್ಟ ಪ್ರಸಂಗ ನನ್ನ ಮನಸ್ಸಿನಲ್ಲಿ ಉಳಿದಿದೆ. ಶಾಸನವೊಂದನ್ನು ಕಷ್ಟಪಟ್ಟು ಕೂಡಿಸಿ ಓದುತ್ತಿದ್ದ ಹುಡುಗನು ‘ಕೊಡಗೆ’ ಎಂಬ ಮಾತು ಬಂದಲ್ಲಿ ನಿಂತು, ‘ನಮ್ಮ ಕಡೆ ಆಗ ಕೊಡಗಿಗೆ ಸೇರಿತ್ತಾ ಸಾ?’ ಎಂದು ಕೇಳಿದ. ಮಿತ್ರರು ಉತ್ತರ ಹೇಳದೆ ‘ಅಲರ್’ ನಿಘಂಟನ್ನು ತೆರೆಯಲು ಹೇಳಿದರು. ವಿ. ಕೃಷ್ಣ ಎಂಬ ಒಬ್ಬರೇ ಒಬ್ಬರು ಸುಮಾರು ನಲವತ್ತು ವರ್ಷ ದುಡಿದು ಕಟ್ಟಿದ, ಒಂದೂವರೆ ಲಕ್ಷದಷ್ಟು ನಮೂದುಗಳ ಕನ್ನಡ–ಇಂಗ್ಲಿಷ್ ನಿಘಂಟು ಅದು. 2019ರಿಂದ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ‘ಕೊಡಗೆ’ ಎಂದರೆ ಕೊಟ್ಟದ್ದು, ದಾನ, ದತ್ತಿ ಎಂದು ಹುಡುಗನೇ ಓದಿ ಹೇಳಿದ. ಹೇಳಿದ ಮರುಕ್ಷಣ, ‘ಓ, ಕೊಡುಗೆ!’ ಎಂದು ತನಗೆ ತಾನೇ ನಕ್ಕ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1913ರಲ್ಲಿ ಹುಟ್ಟಿ ನೂರೇಳು ವರ್ಷ ಬಾಳಿದ ಜಿ. ವೆಂಕಟಸುಬ್ಬಯ್ಯನವರು ಇಂಥ ನಗುವಿಗಾಗಿಯೇ ಅಲ್ಲವೆ ಆಯುಷ್ಯವನ್ನೆಲ್ಲ ನಿಘಂಟುಗಳಿಗೆ ತೆತ್ತದ್ದು! ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು ಆ ಗ್ರಂಥಾಲಯದ ಬೀರುವಿನಲ್ಲಿಯೂ ಉಂಟು. ಅವುಗಳ ಬೆನ್ನಿನ ಚಿನ್ನದ ಅಕ್ಷರ ಇನ್ನೂ ಮಾಸಿಲ್ಲ. ಯಾರೂ ಮುಟ್ಟಿಲ್ಲವೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣ ಬೇಡ. ಆ ದಿನ, ಫೋನಿನಲ್ಲಿ ಅರ್ಥ ನೋಡಿದ ಅದೇ ಹುಡುಗ, ಶಾಸನಗಳಿಂದ ಪ್ರಯೋಗಗಳನ್ನು ಎತ್ತಿ ಕೊಟ್ಟಿರುವುದು ಆ ದಪ್ಪ ಸಂಪುಟಗಳಲ್ಲಿ ಮಾತ್ರವೆಂದು ತಿಳಿದು, ಬೀರುವಿನ ಬೀಗದಕೈ ಕೇಳಲು ಬಂದ. ಬೀಗದಕೈ ಹುಡುಕಲು ಹತ್ತು ನಿಮಿಷ ಹಿಡಿಯಿತು.

ಸರ್ಕಾರಗಳು ಈ ದಿಸೆಯಲ್ಲಿ ಮಾಡಿರುವ ವೆಚ್ಚ ಅಲ್ಪವೇನಲ್ಲ. ಕಾಲೇಜುಗಳಿಗೆ ವಿದ್ಯುನ್ಮಾನ ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಒದಗಿಸುವ ಎನ್-ಲಿಸ್ಟ್ ಯೋಜನೆ 2010ರಲ್ಲಿಯೇ ಆರಂಭವಾಯಿತು. ಖರಗ್‌ಪುರದ ಐಐಟಿ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರ ಜೂನಿನಲ್ಲಿ ದೇಶಕ್ಕೆ ಸಮರ್ಪಿತವಾಯಿತು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ 2020ರದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ 2016ರದು. ‘ಒಂದು ರಾಷ್ಟ್ರ ಒಂದು ಚಂದಾ’ ಎಂಬ ಯೋಜನೆಯಡಿ 2025ರ ಜನವರಿ 1ರಿಂದ, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳ ವೆಚ್ಚದಲ್ಲಿ, ಮೂವತ್ತು ಪ್ರಕಾಶಕರ ಸುಮಾರು 13,000 ವಿದ್ವತ್ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದುಕೊಂಡಿವೆ. ಬೋಸ್ಟನ್ನಿನ ಪ್ರಾಧ್ಯಾಪಕನು ಓದುವ ಪತ್ರಿಕೆಯನ್ನು ಹಲಗೂರಿನ ಬಸ್ ನಿಲ್ದಾಣದಲ್ಲಿ ನಿಂತ ಹುಡುಗನೂ ಓದಬಹುದೆಂಬುದು ಲೆಕ್ಕದ ಮಟ್ಟಿಗೆ ನಿಜ. ಆದರೆ ಆ ಹದಿಮೂರು ಸಾವಿರದಲ್ಲಿ ಹೆಚ್ಚಿನವುಗಳ ಭಾಷೆ ಇಂಗ್ಲಿಷು; ನಮ್ಮ ಪದವಿ ತರಗತಿಯ ಹುಡುಗನು ಕನ್ನಡ ಮಾಧ್ಯಮದವನು. ಆತನಿಗೆ ಗುಪ್ತಸಂಕೇತವನ್ನು ಚೀಟಿಯಲ್ಲಿ ಬರೆದು ಕೊಟ್ಟು ಕಳುಹಿಸುವುದೆಂದರೆ, ತೊರೆಕಾಡನಹಳ್ಳಿಯ ಮಹಾಕೊಳವೆಯನ್ನು ತೋರಿಸಿ ಬಾಯಾರಿಕೆ ತೀರಿಸಿಕೋ ಎಂದಂತೆ. ಅದಕ್ಕೇ ಮಿತ್ರರು ಮೊದಲ ನಾಲ್ಕು ವಾರ ಈ ಭಂಡಾರಗಳ ಹೆಸರನ್ನೇ ಎತ್ತಲಿಲ್ಲ. ಎರಡು ಮಳವಳ್ಳಿಗಳನ್ನು ಬೇರ್ಪಡಿಸಿದವನು ತಾನಾಗಿಯೇ ಮುಂದಿನ ಬಾಗಿಲನ್ನು ತಟ್ಟುವನೆಂಬುದು ಅವರ ಎಣಿಕೆ.

ಆಕ್ಷೇಪಣೆಗಳಿಲ್ಲದಿಲ್ಲ. ಪಾಠದ ನಡುವೆ ಒಂದು ಗುಂಪು ಕ್ರಿಕೆಟ್ ನೋಡಿತು. ಇನ್ನೊಂದು ಗುಂಪಿನವಳ ಫೋನಿಗೆ ಮನೆಯಿಂದ, ಹುಳುವಿಗೆ ಸೊಪ್ಪು ಹಾಕಲು ಬೇಗ ಬಾ ಎಂದು ಕರೆ ಬಂದಿತು. ಶಾಸನಸಂಪುಟದ ಛಾಯಾಪ್ರತಿಯನ್ನು ಇಡಿಯಾಗಿ ಇಳಿಸಿಕೊಂಡವನೊಬ್ಬನು ‘ಡೇಟಾ ಖಾಲಿ ಸಾ’ ಎಂದು ಕೈ ಚೆಲ್ಲಿ ಕುಳಿತ. ಮುತ್ತತ್ತಿಯ ಕಾಡಿನ ಅಂಚಿನಿಂದ ಬರುವವರಿಗೆ ಸಂಜೆ ಊರು ಸೇರಿದ ಮೇಲೆ ಟವರ್ ಸಿಗುವುದೇ ದುರ್ಲಭ. ಗ್ರಂಥಾಲಯದಲ್ಲಿ ಒಂದು ಗಂಟೆ ದೊರೆತದ್ದೇ ಅವರ ಪಾಲಿನ ಅಂತರಜಾಲ. ಇವೆಲ್ಲ ನಿಜವಾದ ತೊಂದರೆಗಳು. ಮೊದಲನೆಯದನ್ನು ಬಿಟ್ಟರೆ ಬುಟ್ಟಿಯಿಂದ ಇವುಗಳಲ್ಲಿ ಒಂದೂ ಪರಿಹಾರವಾಗದು. ಗ್ರಂಥಾಲಯದ ಗೋಡೆಗೆ ನಾಲ್ಕು ಚಾರ್ಜಿಂಗ್ ಪ್ಲಗ್ಗು, ಛಾವಣಿಯ ಕೆಳಗೆ ಒಂದು ವೈಫೈ ಪೆಟ್ಟಿಗೆ ಇದ್ದರೆ ಎರಡು ಮೂರು ತೊಂದರೆಗಳು ತೀರುತ್ತವೆ. ಒಂದು ಹೊಸ ಕಬ್ಬಿಣದ ಬೀರುವಿಗೆ ತಗಲುವ ಹಣಕ್ಕಿಂತ ಇದಕ್ಕೆ ಹೆಚ್ಚು ತಗಲಲಾರದೆಂದು ನನ್ನ ತಿಳಿವಳಿಕೆ.

ಓದುವ ಅಭ್ಯಾಸವೇ ಫೋನಿನಿಂದ ಕೆಡುತ್ತದೆಂಬ ಗಂಭೀರ ಆಕ್ಷೇಪಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಅಂಗೈಯಗಲದ ಗಾಜಿನ ಮೇಲೆ ನಾನೂರು ಪುಟದ ಕಾದಂಬರಿಯನ್ನು ಓದೆಂದು ನಾನು ಯಾರಿಗೂ ಹೇಳಲಾರೆ. ಹೇಳಿದವರನ್ನು ನಂಬಲೂ ಆರೆ. ಮಿತ್ರರೂ ಹಾಗೆ ಹೇಳಲಿಲ್ಲ. ಫೋನಿನಲ್ಲಿ ಹುಡುಕಿಸಿ, ಸಿಕ್ಕದ್ದನ್ನು ಶಂಕಿಸುವಂತೆ ಮಾಡಿ, ಶಂಕೆ ತೀರಬೇಕಾದರೆ ಎದ್ದು ಕಪಾಟಿನವರೆಗೆ ನಡೆಯಲೇಬೇಕಾಗುವಂತೆ ಪ್ರಶ್ನೆಯನ್ನು ಹೊಸೆಯುವುದು ಅವರ ಜಾಣ್ಮೆ. ಆ ತಿಂಗಳು ಗ್ರಂಥಾಲಯದಿಂದ ಮನೆಗೆ ಹೋದ ಪುಸ್ತಕಗಳ ರಿಜಿಸ್ಟರನ್ನು ಕುತೂಹಲಕ್ಕಾಗಿ ತಿರುವಿ ನೋಡಿದೆ; ಗೈಡುಗಳ ಹೆಸರಿನ ನಡುನಡುವೆ, ಎಷ್ಟೋ ಕಾಲದಿಂದ ಹೊರಗೆ ಬಾರದಿದ್ದ ಕೆಲವು ಹೆಸರುಗಳು ಕಂಡುವು. ಮಂಡ್ಯ ಜಿಲ್ಲೆಯ ಗೆಜೆಟಿಯರ್ ಮೂರು ಕೈ ಬದಲಾಯಿಸಿತ್ತು. ಇದನ್ನು ದೊಡ್ಡ ಕ್ರಾಂತಿಯೆಂದು ಕರೆಯುವ ಉತ್ಸಾಹ ನನಗಿಲ್ಲ.

ಈ ವರ್ಷ ಆ ಮಿತ್ರರು ಅಲ್ಲಿಲ್ಲ. ವರ್ಗವಾಗಿ ಹೋದರು, ಅವರ ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ. ಬೀಗದಕೈ ಈಗ ಕಚೇರಿಯ ಗುಮಾಸ್ತರೊಬ್ಬರ ಮೇಜಿನಲ್ಲಿದೆ, ಲೈಬ್ರರಿ ಅವರ್ ವೇಳಾಪಟ್ಟಿಯಲ್ಲಿದೆ, ನೀಲಿ ಬುಟ್ಟಿ ಬೀರುವಿನ ಮೇಲಿನಿಂದ ಮತ್ತೆ ಮೇಜಿನ ಮೇಲಕ್ಕೆ ಇಳಿದಿದೆ. ಹೋದ ವಾರ ನಾನು ಹೋದಾಗ, ಅಂದು ಕೊಡಗೆಯ ಅರ್ಥ ಕಂಡು ನಕ್ಕಿದ್ದ ಹುಡುಗನು ತನ್ನ ಫೋನಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಅದರಲ್ಲಿ ಹಾಕುತ್ತಿದ್ದ. ಉನ್ನತ ಶಿಕ್ಷಣದ ಹೊಣೆ ಹೊತ್ತವರಲ್ಲಿ ನನ್ನದೊಂದೇ ವಿಜ್ಞಾಪನೆ: ಗ್ರಂಥಪಾಲಕರಿಲ್ಲದ ಕಾಲೇಜುಗಳಲ್ಲಿ ಆ ಹುದ್ದೆಯನ್ನು ಮೊದಲು ತುಂಬಿರಿ. ಫೋನನ್ನು ಹುಡುಗರೇ ತರುತ್ತಾರೆ.